ಕುಂಕುಮ ಹಚ್ಚಿದ ಬಿಳಿ ಚೀಟಿಯ ಮಹಾಸಂಗ್ರಾಮ

ಎಲೈ ಸರದಿಸಾಲಿನ ಅಧಿದೇವತೆಯೇ, ಟೋಕನ್‌ಮಾಲಾಧಾರಿಣಿಯೇ, ಗಾಜಿನ ಕಿಟಕಿಯ ಹಿಂದೆ ನಿತ್ಯವೂ ನೆಲೆಸಿ 'ಮುಂದಿನವರು' ಎಂಬ ಒಂದೇ ಮಂತ್ರದಿಂದ ಲೋಕವನ್ನು ನಡೆಸುವವಳೇ, ಈ ಕಥೆಯ ಅರ್ಜಿಯನ್ನು ಸಹಿ ಇಲ್ಲವೆಂದೋ, ಫೋಟೋದ ಅಳತೆ ತಪ್ಪಿದೆಯೆಂದೋ ಹಿಂದಕ್ಕೆ ಕಳಿಸಬೇಡ. ಕೇಳು.

ಕಲಿಯುಗದ ಪ್ರಥಮಪಾದದಲ್ಲಿ, ಅಲ್ಲಿನ ಪುರೋಹಿತರು ಸಂಕಲ್ಪ ಹೇಳುವಾಗ ಕ್ರೌಂಚದ್ವೀಪವೆಂದು ಕರೆಯುವ ಅಮೆರಿಕೆಯ ನ್ಯೂಜೆರ್ಸಿಯಲ್ಲಿ, ಮನುಷ್ಯಕುಲವು ಕಾಗದವುಳ್ಳವರು, ಕಾಗದವಿಲ್ಲದವರು ಎಂಬ ಎರಡೇ ವರ್ಣಗಳಾಗಿ ಒಡೆದಿದ್ದ ಕಾಲದಲ್ಲಿ, ಶೇಷು ದೇವಾಡಿಗನೆಂಬ ವೀರನಿದ್ದನು. ಸಹಸ್ರದೋಸಾಪರಿವರ್ತನಪಟುದಕ್ಷಿಣಹಸ್ತನೂ, ತಪ್ತಕಾವಲೀಜ್ವಾಲಾಪರಿಚಿತವದನನೂ, ಈರುಳ್ಳಿಗಂಧಾನುಲಿಪ್ತಸರ್ವಾಂಗನೂ ಆದ ಅವನು ಕುಂದಾಪುರದ ಕಡೆಯವನು. ಮೂರು ವರ್ಷ ಅಡುಗೆ ಕೆಲಸ ಮಾಡಬಹುದೆಂಬ ಕಾಗದ ಹಿಡಿದು ಬಂದಿದ್ದನು. ಮೂರು ವರ್ಷ ಮುಗಿಯಿತು, ಕಾಗದ ಸತ್ತಿತು, ಕಾವಲಿ ಆರಲಿಲ್ಲ. 'ಹೊಸ ಕಾಗದ ಮಾಡಿಸಿ ಕೊಡುತ್ತೇನೆ' ಎಂದು ಹೋಟೆಲಿನ ಧಣಿ ಹೇಳಿದ್ದನು. ಆ ಮಾತು ಹೇಳಿ ಹತ್ತೊಂಬತ್ತು ವರ್ಷವಾಗಿತ್ತು.

ಆ ಧಣಿಯ ಹೆಸರು ವೆಂಕಪ್ಪಣ್ಣ. ಇಡ್ಲಿವಡಾಸಾಮ್ರಾಜ್ಯಚಕ್ರವರ್ತಿಯಾದ ಅವನ ಬಳಿ ಗದೆಯಿರಲಿಲ್ಲ, ಖಡ್ಗವಿರಲಿಲ್ಲ. ಒಂದೇ ಒಂದು ವಾಕ್ಯವಿತ್ತು. ಶೇಷು ಜ್ವರವೆಂದು ರಜೆ ಕೇಳಿದರೆ, ಕಾವಲಿಯ ಮೇಲಿನ ಹೊಗೆಗೂಡು ಕೆಟ್ಟಿದೆಯೆಂದರೆ, ಊರಲ್ಲಿ ತಾಯಿ ತೀರಿಕೊಂಡಳು, ಎರಡು ದಿನ ಮನೆಯಲ್ಲಿ ಕೂರುತ್ತೇನೆಂದರೆ, ಧಣಿಯು ಗಲ್ಲದ ಮೇಲೆ ಪೆನ್ನಿಟ್ಟುಕೊಂಡು ಬಹಳ ಮೃದುವಾಗಿ ಅದನ್ನು ಪ್ರಯೋಗಿಸುತ್ತಿದ್ದನು.

"ಅದೆಲ್ಲ ಅಡ್ಡಿಲ್ಲೆ ಶೇಷು. ನಿನ್ ಪೇಪರ್ ಹ್ಯಾಂಗಿತ್ತ್ ಈಗ?"

ಗರುಡನ ನೆರಳು ಕಂಡ ಹಾವು ಹೇಗೆ ಹುತ್ತದೊಳಕ್ಕೆ ಸೇರುವುದೋ ಹಾಗೆ ವೀರನು ಅಡುಗೆಮನೆ ಸೇರುತ್ತಿದ್ದನು. ಆದರೆ ಬರಿಗೈಯಲ್ಲಿ ಸೇರುತ್ತಿರಲಿಲ್ಲ. ಪ್ರತಿ ಸಲವೂ ಒಂದು ಪ್ರತಿಜ್ಞೆ ಮಾಡುತ್ತಿದ್ದನು. ಅದನ್ನು ಮನೆಗೆ ಬಂದು, ಸ್ನಾನ ಮಾಡಿ, ಬನಿಯನ್ನು ಹಾಕಿಕೊಳ್ಳುತ್ತಾ ಹೆಂಡತಿ ಗುಲಾಬಿಗೆ ಹೇಳುತ್ತಿದ್ದನು.

"ಕಾಣ್ತಾ ಇರ್. ಕಾರ್ಡ್ ಬಂದ್ ದಿನ ಈ ದೋಸಿ ಸಟ್ಟುಗ ಧಣಿ ಟೇಬಲ್ ಮೇಲೆ ಕುಟ್ಟಿ, 'ಹಿಡ್ಕೊ, ಇನ್ ನೀನೇ ಮಗ್ಚ್' ಅಂದ್ ಹೇಳಿ ಬತ್ತೆ. ತಿರ್ಗಿ ಆ ಹೋಟ್ಲ್ ಮೆಟ್ಲ್ ಹತ್ತುದಿಲ್ಲೆ."

"ಹ್ವಾಯ್, ಬನಿಯನ್ ತಿರುಗ್ಮುರ್ಗ ಆಯ್ತ್," ಎನ್ನುತ್ತಿದ್ದಳು ಗುಲಾಬಿ.

ಈ ಪ್ರತಿಜ್ಞೆ ನೆರವೇರಲು ಒಂದೇ ದಾರಿಯಿತ್ತು. ಅವರು ಬಂದ ಮರುವರ್ಷ ಒಬ್ಬ ಮಗಳು ಹುಟ್ಟಿದ್ದಳು. ಸೂರ್ಯಪುತ್ರನು ಕವಚ ಸಮೇತ ಹುಟ್ಟಿದಂತೆ ಇವಳು ಆ ದೇಶದ ಪೌರತ್ವದ ಸಮೇತ ಹುಟ್ಟಿದಳು, ಹೆಸರು ನಿಶ್ಮಿತಾ. ಆ ದೇಶದ ಕಾನೂನಿನಂತೆ, ಅಲ್ಲಿ ಹುಟ್ಟಿದ ಮಗುವಿಗೆ ಇಪ್ಪತ್ತೊಂದು ತುಂಬಿದರೆ ಅದು ತನ್ನ ತಂದೆತಾಯಿಗೆ ಕಾಯಂ ವಾಸದ ಕಾರ್ಡು ಕೊಡಿರೆಂದು ಸರ್ಕಾರಕ್ಕೆ ಅರ್ಜಿ ಹಾಕಬಹುದು. ಬೇರೆ ತಂದೆಯರು ಮಗಳ ಮದುವೆಯ ದಿನ ಎಣಿಸುತ್ತಾರೆ. ಶೇಷು ಅರ್ಜಿಯ ದಿನ ಎಣಿಸಿದನು. ಮಗುವಿಗೆ ಅಂಬೆಗಾಲು ಬಂದಾಗ ಇನ್ನೂ ಇಪ್ಪತ್ತು. ಹಾಲುಹಲ್ಲು ಬಿದ್ದಾಗ ಇನ್ನು ಹದಿನೈದು. ನೆಂಟರ ಮುಂದೆ ಅವಳ ತಲೆ ಸವರಿ, "ಇದ್ ನನ್ ಬ್ರಹ್ಮಾಸ್ತ್ರ ಮಾರಾಯ್ರೆ," ಎನ್ನುತ್ತಿದ್ದನು. ಬ್ರಹ್ಮಾಸ್ತ್ರಕ್ಕೆ ಕಿವಿಯಿದೆ, ಅದು ಕೇಳಿಸಿಕೊಳ್ಳುತ್ತಿದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಅಂತೂ ಆ ಮಹಾಪುಣ್ಯದಿನ ಬಂದಿತು. ಒಂದು ಭಾನುವಾರ ಮಧ್ಯಾಹ್ನ, ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ಕೇಕು ಕತ್ತರಿಸಿದ ಮೇಜನ್ನೇ ಒರೆಸಿ, ನಿಶ್ಮಿತಾ ಲ್ಯಾಪ್‌ಟಾಪ್ ಬಿಚ್ಚಿದಳು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಎಂಥ ಬಾಯಿ ದೊಡ್ಡದಾಗಿ ತೆರೆದರೂ ಹೆದರದವಳು. ವಕೀಲೆ ಕಳಿಸಿದ ಪಟ್ಟಿ ಓದಿದಳು.

"ಅಪ್ಪಯ್ಯ, ನೀವ್ ಫಸ್ಟ್ ಬಂದ್ ದಿನದ ಪಾಸ್‌ಪೋರ್ಟ್ ಬೇಕಂಬ್ರ್. ಏರ್‌ಪೋರ್ಟಗೆ ಅದ್ಕೆ ಪಿನ್ ಹೊಡ್ದ್ ಒಂದ್ ಬಿಳಿ ಚೀಟಿ ಕೊಟ್ಟಿರ್ತ್ರಂಬ್ರ್. ಕಾನೂನ್ ಪ್ರಕಾರ ಒಳ್ಗ್ ಬಂದಿರಿ ಅಂಬುದಕ್ಕೆ ಅದೇ ಪ್ರೂಫ್. ಅದ್ರ್ ಮೇಲಿನ ನಂಬರ್ ಮುಖ್ಯ. ಅದಿಲ್ದಿರೆ ಎಂತ ಆತಿಲ್ಲೆ."

ವೀರನು ಮಂದಹಾಸ ಬೀರಿದನು. ಜೋಪಾನಾಗ್ರೇಸರನಾದ ತನಗೆ ಈ ಪ್ರಶ್ನೆಯೇ! ಎದ್ದು, ಕೈಕಾಲು ತೊಳೆದು, ದೇವರ ಹಲಗೆಯಿಂದ ಕೆಂಪು ವಸ್ತ್ರದ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮಗಳ ಮುಂದಿಟ್ಟನು. ಗಂಟು ಬಿಚ್ಚಿತು. ಪಾಸ್‌ಪೋರ್ಟು ತೆರೆಯಿತು. ಮೇಜಿನ ಮೇಲೆ ಕೆಂಪು ಪುಡಿ ಉದುರಿತು.

ನಿಶ್ಮಿತಾ ಬಹಳ ಹೊತ್ತು ನೋಡಿದಳು. "ಅಪ್ಪಯ್ಯ, ಇದ್ ಎಂತ?"

"ದಸರಾ," ಎಂದನು ಶೇಷು.

ಇಲ್ಲಿ ಕೇಳುಗರು ಒಂದು ಸಂಗತಿ ತಿಳಿಯಬೇಕು. ಪ್ರತಿ ವರ್ಷ ಆಯುಧಪೂಜೆಯ ದಿನ ಶೇಷು ತನ್ನ ಸಟ್ಟುಗ, ಈರುಳ್ಳಿ ಕೊಚ್ಚುವ ಕತ್ತಿ, ತೆಂಗಿನಕಾಯಿ ತುರಿಯುವ ಮಣೆ ಇಷ್ಟನ್ನೂ ತೊಳೆದು ಸಾಲಾಗಿಟ್ಟು ಪೂಜೆ ಮಾಡುತ್ತಿದ್ದನು. ಅವುಗಳ ನಡುವೆ, ಎತ್ತರದ ಮಣೆಯ ಮೇಲೆ, ಪಾಸ್‌ಪೋರ್ಟು. ಲಾರಿಯವನು ಲಾರಿಗೆ ಹಚ್ಚುತ್ತಾನೆ, ದರ್ಜಿಯವನು ಹೊಲಿಗೆ ಮಿಷನ್ನಿಗೆ ಹಚ್ಚುತ್ತಾನೆ. ಪರದೇಶದಲ್ಲಿ ಬದುಕುವವನಿಗೆ ಇದಕ್ಕಿಂತ ದೊಡ್ಡ ಆಯುಧ ಯಾವುದು? ಹೊರಗಿನ ರಟ್ಟಿಗೆ ಹಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಶೇಷು ವಿಚಾರವಂತ. ಕತ್ತಿಗೆ ಹಿಡಿಯಲ್ಲಿ ಶಕ್ತಿಯಿಲ್ಲ, ಅಲಗಿನಲ್ಲಿದೆ. ಹಾಗೆಯೇ ಪಾಸ್‌ಪೋರ್ಟಿಗೆ ರಟ್ಟಿನಲ್ಲಿ ಶಕ್ತಿಯಿಲ್ಲ, ಆ ಬಿಳಿ ಚೀಟಿಯಲ್ಲಿದೆ. ಆದ್ದರಿಂದ ಇಪ್ಪತ್ತೆರಡು ದಸರೆಗಳಲ್ಲಿ, ಒದ್ದೆ ಅರಿಸಿನ ಒಮ್ಮೆ, ಅದರ ಮೇಲೆ ಕುಂಕುಮ ಒಮ್ಮೆ, ಸರಿಯಾಗಿ ನಂಬರಿನ ಮೇಲೆ, ಹೆಬ್ಬೆರಳು ಒತ್ತಿ ಹಚ್ಚಿದ್ದನು. ಹಲ್ಲಿನ ಬೇರಿನ ಹುಳುಕನ್ನೂ ಕಾಣಬಲ್ಲ ಮಗಳಿಗೆ ಆ ನಂಬರು ಕಾಣಲಿಲ್ಲ.

"ನಂಬರ್ ಎಲ್ಲಿತ್ತ್?"

"ಅಡಿಗ್ ಇತ್ತ್. ಈಗ ತೆಗಿತೆ ಕಾಣ್."

ಹಾಗೆಂದು ವೀರನು ಪ್ರಥಮ ದಾಳಿ ನಡೆಸಿದನು. ಕಾವಲಿಗೆ ಹಿಡಿದ ಸೀಕಲನ್ನು ಎಣ್ಣೆ ಹಾಕಿ ಬಿಡಿಸುವುದು ಅವನ ವೃತ್ತಿಧರ್ಮ. ಇದಕ್ಕೂ ಅದೇ ಧರ್ಮವನ್ನು ಅನ್ವಯಿಸಿದನು. ಹತ್ತಿಯ ಉಂಡೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಮಗಳು "ಬೇಡ, ಬೇಡ ಅಪ್ಪಯ್ಯ!" ಎಂದು ಕೂಗುತ್ತಿರುವಂತೆಯೇ, ಚೀಟಿಯ ಮೇಲೆ ಮೂರು ಸಲ ಉಜ್ಜಿದನು. ಪ್ರಳಯಕಾಲದ ಸಮುದ್ರವು ಎಲ್ಲೆ ಮೀರುವಂತೆ ಕುಂಕುಮವು ನಂಬರನ್ನು ದಾಟಿ ತಾರೀಖಿಗೂ ಹರಡಿತು. ಚೀಟಿ ಎಣ್ಣೆ ಕುಡಿದು ಹಪ್ಪಳದಂತಾಯಿತು.

ಮರುದಿನ ವಕೀಲೆಯ ಉತ್ತರ ಬಂದಿತು: ದಯವಿಟ್ಟು ಇನ್ನು ಮುಟ್ಟಬೇಡಿ. ನಕಲು ತರಿಸಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಇದ್ದುದನ್ನೇ ಇಟ್ಟು, ಇದು ಹೇಗೆ ಹಾಳಾಯಿತು, ಯಾರ ಕೈಯಿಂದ ಆಯಿತು ಎಂದು ಅರ್ಜಿಯಲ್ಲೇ ಒಂದು ಹೇಳಿಕೆ ಬರೆದು ಸಹಿ ಮಾಡಿ ಕೊಡಿ.

ಯಾರ ಕೈಯಿಂದ! ಕುರುಕ್ಷೇತ್ರಕ್ಕೆ ಒಂದು ನಗು ಸಾಕಾಯಿತಂತೆ. ಇಲ್ಲಿ ಒಂದು ಪ್ರಶ್ನೆ ಸಾಕಾಯಿತು. ಏಕೆಂದರೆ ಶೇಷು ದೇವಾಡಿಗನು ತನ್ನ ಐವತ್ತಮೂರು ವರ್ಷದ ಬದುಕಿನಲ್ಲಿ 'ತಪ್ಪು ನನ್ನದು' ಎಂಬ ಮಾತನ್ನು ಮನೆಯೊಳಗೆ ಆಡಿದವನಲ್ಲ. ಹೋಟೆಲಿನಲ್ಲಿ ದಿನಕ್ಕೆ ಹತ್ತು ಸಲ ಆಡುತ್ತಿದ್ದನು. ಬಹುಶಃ ದಾಸ್ತಾನು ಅಲ್ಲೇ ಮುಗಿಯುತ್ತಿತ್ತು.

ಆಗ ವೀರನು ಎದ್ದು ನಿಂತು, ಪೂರ್ವದಿಕ್ಕಿನ ಫ್ರಿಜ್ಜಿನ ಕಡೆಗೆ ಮುಖ ಮಾಡಿ, 'ಎಲೈ ಮಗಳೇ, ಸಮುದ್ರಲಂಘನ ಮಾಡಿ ಬಂದವನು ನಾನು, ನನ್ನ ಹೆಸರಿಗೆ ಕಳಂಕ ತಟ್ಟುವುದಕ್ಕಿಂತ ಮೇರುಪರ್ವತ ಮಗುಚಿ ಬೀಳಲಿ' ಎಂಬ ಅರ್ಥ ಬರುವಂತೆ ಗರ್ಜಿಸಿದನು. ಬಾಯಿಂದ ಹೊರಟ ಮಾತು ಮಾತ್ರ ಇಷ್ಟು:

"ಅಮ್ಮನ್ ಹೆಸ್ರ್ ಬರಿ."

ಗುಲಾಬಿ ಬೀನ್ಸ್ ಮುರಿಯುತ್ತಿದ್ದಳು. ಮಿತಭಾಷಿಣಿಯೂ ದೀರ್ಘಸ್ಮರಣೆಯುಳ್ಳವಳೂ ಆದ ಅವಳ ಕೈ ನಿಂತಿತು.

"ನಾ ಹಚ್ಚಿದ್ದಾ?"

"ಮನೆಯಗೆ ಅರಿಶಿನ ಕುಂಕುಮ ಯಾರ್ ಕೈಯಗಿರತ್? ಹೆಂಗಸ್ರ್ ಕೈಯಗೆ. ಸರ್ಕಾರದವ್ರ್ ಎಂತ ಬಂದ್ ಕಂಡಿರಾ?"

"ಹ್ವಾಯ್," ಎಂದಳು ಗುಲಾಬಿ, ಬೀನ್ಸನ್ನು ಬದಿಗಿಟ್ಟು, "ಇಪ್ಪತ್ತೆರ್ಡ್ ವರ್ಷದಗೆ ಒಂದ್ ಸಲ ಆದ್ರೂ ಆಯುಧಪೂಜೆ ದಿನ ನನ್ನ ಆ ಮಣೆ ಹತ್ರ ಬಪ್ಪುಕೆ ಬಿಟ್ಟಿದ್ರಿಯಾ? 'ಆಯುಧ ಗಂಡಸ್ರದ್ದ್, ನೀ ಅತ್ಲಾಗ್ ಕೂಕೊ, ಪಂಚಕಜ್ಜಾಯ ಆದ್ಮೇಲೆ ತಕಂಡ್ ಬಾ' ಅಂದವ್ರ್ ಯಾರ್? ಇವ್ಳ್ ಐದ್ ವರ್ಷದ ಹುಡ್ಗಿ ಇಪ್ಪಾಗ ಒಂದ್ ಹೂಂಗ್ ಇಡ್ತೆ ಅಂದ್ರೆ ಕೈ ತಟ್ಟಿ ಅಳಿಸಿದ್ ಯಾರ್?"

"ನಂಗ್ ನೆನ್ಪ್ ಇತ್ತ್," ಎಂದಳು ನಿಶ್ಮಿತಾ.

ಸ್ವಹಸ್ತಖನಿತಕೂಪಪತಿತನಾದ, ಎಂದರೆ ತಾನೇ ತೋಡಿದ ಬಾವಿಗೆ ತಾನೇ ಬಿದ್ದ ವೀರನು ಒಂದು ಕ್ಷಣ ತತ್ತರಿಸಿದನು. ಆದರೂ ಸೋಲು ಒಪ್ಪಲಿಲ್ಲ.

"ಅದೆಲ್ಲ ಈಗ ಎಂತಕೆ? ಯಾರೋ ಒಬ್ರ್ ಹೆಸ್ರ್. ಗಂಡ ಬೇರೆ ಹೆಂಡ್ತಿ ಬೇರೆಯಾ? ಬರಿ ಮಗಾ, ಸೈನ್ ಹಾಕ್."

"ಅಪ್ಪಯ್ಯ, ಸೈನ್ ಹಾಕುದ್ ನಾನ್. ಇದ್ರಗೆ ಇಪ್ಪುದೆಲ್ಲ ನಿಜ, ಸುಳ್ಳಾದ್ರೆ ಶಿಕ್ಷೆಗ್ ನಾ ತಯಾರ್ ಅಂದ್ ಕೆಳ್ಗ್ ಬರ್ದಿತ್ತ್. ನಿಮ್ಮ್ ಮರ್ಯಾದಿಗೆ ನಾ ಯಾಕ್ ಜೈಲಿಗ್ ಹೋಯ್ಕ್?"

"ಹುಟ್ಟಿಸ್ದ್ ಅಪ್ಪನಿಗ್ ಒಂದ್ ಸೈನ್ ಹಾಕುಕೆ ಇಷ್ಟ್ ಕಾನೂನಾ? ನಿನ್ನ ಎಂತಕ್ ಸಾಕ್ದ್ ನಾನ್?"

ಕೆಳಗೆ ಲಾಂಡ್ರಿಯ ಯಂತ್ರಗಳು ತಿರುಗುತ್ತಿದ್ದವು.

"ಗೊತ್ತಿತ್ತ್," ಎಂದಳು ಮಗಳು. "ಬ್ರಹ್ಮಾಸ್ತ್ರ ಅಲ್ದಾ? ಅಸ್ತ್ರ ಬಿಡುಕೆ ಮಂತ್ರ ಸಮಾ ಹೇಳ್ಕ್ ಅಪ್ಪಯ್ಯ. 'ನಾನ್ ಹಚ್ಚಿದ್ದ್' ಅಂಬುದೇ ಮಂತ್ರ. ಹೇಳಿ, ಬಿಡ್ತೆ."

ಹೀಗೆ ಮುತ್ತಿಗೆ ಆರಂಭವಾಯಿತು. ಸಹಿಯಿಲ್ಲದ ಅರ್ಜಿಯು ಆನೆ ಆಕಾರದ ಮ್ಯಾಗ್ನೆಟ್ಟಿನ ಕೆಳಗೆ ಫ್ರಿಜ್ಜಿನ ಮೇಲೆ ನೇತಾಡಿತು. ವೀರನು ಅನ್ನತ್ಯಾಗ ಘೋಷಿಸಿದನು. ಮೂರು ಹೊತ್ತೂ ಹೋಟೆಲಿನಲ್ಲಿ ತಿನ್ನುವವನ ಅನ್ನತ್ಯಾಗವು ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಮಾತು ಬಿಟ್ಟನು, ಅದರಿಂದ ಟಿವಿಯ ಧ್ವನಿ ಚೆನ್ನಾಗಿ ಕೇಳಿಸತೊಡಗಿತು. ನಾಲ್ಕನೆಯ ದಿನ ಪಕ್ಕದೂರಿನ ಪುರೋಹಿತರಿಗೆ ಫೋನು ಮಾಡಿ, ಆಯುಧಪೂಜೆಯನ್ನು ದಂಪತಿ ಸಮೇತರಾಗಿ ಮಾಡಿದಂತೆ ಲೆಕ್ಕವಲ್ಲವೇ ಎಂದು ಧರ್ಮಸೂಕ್ಷ್ಮ ಕೇಳಿದನು. ಪುರೋಹಿತರು, "ನಿಮ್ಮ ವೀಸಾ ವಿಷಯವಾ? ಅದು ನನಗೆ ಬೇಡ ಮಾರಾಯ್ರೆ," ಎಂದು ಫೋನಿಟ್ಟರು.

ಆರನೆಯ ದಿನ ಶತ್ರುಪಕ್ಷವು ವ್ಯೂಹ ಬದಲಿಸಿತು. ಶೇಷು ಕೆಲಸದಿಂದ ಬಂದಾಗ ಮೇಜಿನ ಮೇಲೆ ಒಂದು ದಪ್ಪ ಲಕೋಟೆ ಇತ್ತು. ಮೇಲೆ ಸ್ಟಾಂಪು ಅಂಟಿಸಿಯಾಗಿತ್ತು.

"ಸೈನ್ ಹಾಕ್ದ್ಯಾ?" ಎಂದನು. ಎದೆಯುಬ್ಬಿತು.

"ಅಮ್ಮಂದ್ಕೆ ಹಾಕ್ದೆ. ಇಬ್ರಿಗೂ ಬೇರೆ ಬೇರೆ ಅರ್ಜಿ."

"ಅವ್ಳ್ ಚೀಟಿ?"

ಗುಲಾಬಿ ತನ್ನ ಹಳೆಯ ಪಾಸ್‌ಪೋರ್ಟನ್ನು ಮೇಜಿನ ಮೇಲೆ ತಳ್ಳಿದಳು. ಗಂಡ ಬಂದ ತಿಂಗಳ ಮೇಲೆ ಬಂದವಳು ಅವಳು. ಅವಳ ಪಾಸ್‌ಪೋರ್ಟು ಇಪ್ಪತ್ತೆರಡು ವರ್ಷ ಹಳೆ ಸೂಟ್‌ಕೇಸಿನ ಅಡಿಯಲ್ಲಿ, ಸೀರೆಗಳ ಕೆಳಗೆ ಬಿದ್ದಿತ್ತು. ಅದನ್ನು ಯಾರೂ ಮಣೆಯ ಮೇಲೆ ಕೂರಿಸಿರಲಿಲ್ಲ. ಅದು ಯಾರ ಆಯುಧವೂ ಆಗಿರಲಿಲ್ಲ. ಬಿಳಿ ಚೀಟಿ ನಿನ್ನೆ ಕೊಟ್ಟಂತಿತ್ತು. ಒಂದೊಂದು ಅಂಕಿಯೂ ಕನ್ನಡಕವಿಲ್ಲದೆ ಓದಬಹುದಾಗಿತ್ತು.

ವೀರನು ಕುರ್ಚಿಯ ಮೇಲೆ ಕುಳಿತನು. ಅವನ ಕಣ್ಣ ಮುಂದೆ ಬಂದದ್ದು ಯಮನಲ್ಲ, ಕಾಲಪುರುಷನಲ್ಲ. ಕಾರ್ಡು ಪಡೆದ ಗುಲಾಬಿ ಊರಿಗೆ ವಿಮಾನ ಹತ್ತುತ್ತಿದ್ದಳು, ಮತ್ತು ತಾನು ಕಾವಲಿಯ ಮುಂದೆ ನಿಂತಿದ್ದನು. ಧಣಿ ಗಲ್ಲದ ಮೇಲೆ ಪೆನ್ನಿಟ್ಟುಕೊಂಡು ಕೇಳುತ್ತಿದ್ದನು: ಹೆಂಡ್ತಿದ್ ಆಯ್ತಂಬ್ರ್? ನಿನ್ ಪೇಪರ್ ಹ್ಯಾಂಗಿತ್ತ್?

ಲಕೋಟೆಯನ್ನು ಒಮ್ಮೆ ಎತ್ತಿ, ತೂಕ ನೋಡಿ, ಕೆಳಗಿಟ್ಟನು.

"ಬರಿ," ಎಂದನು ಶೇಷು.

"ನೀವೇ ಹೇಳಿ. ನಾ ಟೈಪ್ ಮಾಡ್ತೆ."

"ನಾನ್... ನಾನ್, ಶೇಷು ದೇವಾಡಿಗ, ದೇವ್ರ್ ಮೇಲಿನ್ ಭಕ್ತಿಯಿಂದ..."

"ಭಕ್ತಿ ಅಡ್ಡಿಲ್ಲೆ. ಮುಂದೆ?"

"...ಕುಂಕುಮ ಹಚ್ಚಿದ್ದ್ ನಾನೇ. ಎಣ್ಣಿ ಉಜ್ಜಿದ್ದೂ ನಾನೇ. ಹೆಂಡ್ತಿದ್ ಇದ್ರಗೆ ಎಂತ ಇಲ್ಲೆ."

ಗುಲಾಬಿ ಎದ್ದು ಹೋಗಿ ಅನ್ನ ಬಡಿಸಿದಳು. ಅನ್ನತ್ಯಾಗ ಮುಗಿಯಿತು.

ಆ ಮೇಲೆ ಇಪ್ಪತ್ತೆರಡು ತಿಂಗಳು ಕಳೆದವು. ಸಂದರ್ಶನದ ದಿನ ವೀರನು ಮದುವೆಯ ಕೋಟು ಹಾಕಿದನು. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ಒಂದು ವಾರದಿಂದ ಅವನು ಅಧಿಕಾರಿಗೆ ಕೊಡಬೇಕಾದ ಉತ್ತರವನ್ನು ಕಾವಲಿಯ ಮುಂದೆ ಉರು ಹೊಡೆದಿದ್ದನು: ನವರಾತ್ರಿಯ ಮಹಿಮೆ, ಶಮೀವೃಕ್ಷದಲ್ಲಿ ಪಾಂಡವರು ಆಯುಧ ಅಡಗಿಸಿದ ವೃತ್ತಾಂತ, ಕುಂಕುಮವು ಅಳಿಸುವ ವಸ್ತುವಲ್ಲ, ಕಾಯುವ ವಸ್ತು ಎಂಬ ಉಪಸಂಹಾರ. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟಿದ್ದಳು. ಎರಡು ಪುಟವಾಗಿತ್ತು.

ಗಾಜಿನ ಕಿಟಕಿಯ ಹಿಂದಿನ ದೇವತೆಗೆ ಅಂದು ನೆಗಡಿಯಾಗಿತ್ತು. ಅವಳು ಗುಲಾಬಿಯ ಕಡತವನ್ನು ತೆರೆದು ಮುಚ್ಚಿದಳು. ಶೇಷುವಿನ ಪಾಸ್‌ಪೋರ್ಟು ತೆರೆದಳು. ಬೆರಳಿಗೆ ಕೆಂಪು ಹತ್ತಿತು. ಕಾಗದದ ಕರವಸ್ತ್ರದಲ್ಲಿ ಒರೆಸಿಕೊಂಡಳು. ಚೀಟಿಯನ್ನು ಹಿಂದು ಮುಂದು ಮಾಡಿ ಮೇಜುದೀಪಕ್ಕೆ ಹಿಡಿದಳು. ಎಣ್ಣೆ ಕುಡಿದ ಕಾಗದದ ಹಿಂಬದಿಯಿಂದ, ತಿರುಗುಮುರುಗವಾಗಿ, ನಂಬರಿನ ಹನ್ನೊಂದು ಅಂಕಿಗಳೂ ಕಂಡವು. ಚೀಟಿಯನ್ನು ತಿರುಗಿಸಿ ನೋಡಬಹುದೆಂದು ಆ ಮನೆಯ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅವಳು ಅಂಕಿಗಳನ್ನು ಕಂಪ್ಯೂಟರಿಗೆ ಒತ್ತಿದಳು. ತಲೆಯಾಡಿಸಿದಳು. ಮಗಳ ಕಡೆ ತಿರುಗಿ, ಇವರು ನಿನ್ನ ತಂದೆತಾಯಿಯೇ ಎಂದು ಕೇಳಿದಳು.

ಶೇಷು ಮಗಳ ಮುಖ ನೋಡಿದನು. ನಿಶ್ಮಿತಾ ಅಪ್ಪನನ್ನು ಒಂದು ಕ್ಷಣ ಹೆಚ್ಚೇ ನೋಡಿದಳು.

"ಯೆಸ್," ಎಂದಳು.

ದೇವತೆ ಸೀನಿದಳು. ಮುಂದಿನವರು ಎಂದಳು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ವೀರನು ಕೇಳಿದನು. "ಮಗಾ, ನಾ ಬರ್ದ್ ಕೊಟ್ಟದ್ದ್ ಅವ್ಳ್ ಓದಿದ್ಳಾ?"

"ಇಲ್ಲೆ ಅಪ್ಪಯ್ಯ."

"ಕುಂಕುಮ ಯಾರ್ ಹಚ್ಚಿದ್ದ್ ಅಂದ್ ಕೇಳ್ಲಿಲ್ಯಾ?"

"ಇಲ್ಲೆ."

"ಹಾಂಗಾರೆ ಯಾರ್ ಹೆಸ್ರ್ ಬರ್ದಿರೂ ಆತಿತ್ತ್ ಕಾಣ್," ಎಂದನು ಶೇಷು. ಗುಲಾಬಿ ಅವನ ಕೋಟಿನ ಹಿಂದೆ ಹೊಲಿಗೆ ಬಿಟ್ಟಿದ್ದನ್ನು ನೋಡಿದಳು, ಹೇಳಲಿಲ್ಲ.

ಕಾರ್ಡು ಒಂದು ಸೋಮವಾರ, ಪಿಜ್ಜಾ ಅಂಗಡಿಯ ಜಾಹೀರಾತುಗಳ ನಡುವೆ ಟಪಾಲಿನಲ್ಲಿ ಬಂದಿತು. ಬಸ್ ಪಾಸಿನಷ್ಟೇ ಇತ್ತು. ಶೇಷು ಅದನ್ನು ಅಂಗಿಯ ಜೇಬಿಗಿಟ್ಟು, ಸಟ್ಟುಗ ಹಿಡಿದು, ಹತ್ತೊಂಬತ್ತು ವರ್ಷದ ಪ್ರತಿಜ್ಞೆಗೆ ಮತ್ತೆರಡು ವರ್ಷ ಸೇರಿಸಿ ಹೊತ್ತುಕೊಂಡು, ವೆಂಕಪ್ಪಣ್ಣನ ಟೇಬಲಿನ ಮುಂದೆ ನಿಂತನು. ದಿಕ್ಕುಗಳು ನಡುಗಿದವು, ಎನ್ನಬೇಕು. ನಡುಗಿದ್ದು ಮಿಕ್ಸಿ.

ಧಣಿ ತಲೆಯೆತ್ತಿದನು. "ಎಂತ ಶೇಷು?"

ವೀರನು ಸಟ್ಟುಗವನ್ನು ಎತ್ತಿದನು. ಐವತ್ತೈದು ವರ್ಷ. ಮಂಡಿ ಹಿಡಿದಿತ್ತು. ಬರುವುದು ದೋಸೆಯೊಂದೇ. ದೋಸೆ ಬೇಕಾದ ಬೇರೆ ಹೋಟೆಲು ನಲವತ್ತು ಮೈಲಿ ದೂರ, ಅದರ ಧಣಿ ವೆಂಕಪ್ಪಣ್ಣನ ಭಾವಮೈದುನ. ಇದೆಲ್ಲ ಆ ಎತ್ತಿದ ಕೈಯಲ್ಲೇ ಅವನಿಗೆ ಹೊಳೆಯಿತು. ಸಟ್ಟುಗ ಮೆಲ್ಲಗೆ ಟೇಬಲಿನ ಮೇಲೆ ಇಳಿಯಿತು, ಸದ್ದಾಗದಂತೆ.

"ಧಣಿ, ನಂಗ್ ಮಂಗಳವಾರ ರಜೆ ಬೇಕಿತ್ತ್. ವಾರ ವಾರ."

ವೆಂಕಪ್ಪಣ್ಣ ಅಭ್ಯಾಸಬಲದಿಂದ ಪೆನ್ನನ್ನು ಗಲ್ಲಕ್ಕಿಟ್ಟನು. "ಅದೆಲ್ಲ ಅಡ್ಡಿಲ್ಲೆ ಶೇಷು. ನಿನ್ ಪೇಪರ್..."

ಶೇಷು ಜೇಬಿನಿಂದ ಕಾರ್ಡು ತೆಗೆದು ಸಟ್ಟುಗದ ಪಕ್ಕದಲ್ಲಿಟ್ಟನು.

ಧಣಿ ಕಾರ್ಡನ್ನು ನೋಡಿದನು. ಅದರ ಮೇಲಿನ ಫೋಟೋ ನೋಡಿದನು. ಶೇಷುವನ್ನು ನೋಡಿದನು. ಪೆನ್ನು ಗಲ್ಲದಿಂದ ಕೆಳಗಿಳಿಯಿತು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಮುಂದಿನ ಮಾತು ಸಿಗಲಿಲ್ಲ. ಆ ನಿಶ್ಶಬ್ದವೇ ಶೇಷು ದೇವಾಡಿಗನ ಸಂಪೂರ್ಣ ದಿಗ್ವಿಜಯ. ಅದು ಸುಮಾರು ನಾಲ್ಕು ಸೆಕೆಂಡು ಇತ್ತು.

"ಮಂಗಳವಾರ ಆಯ್ಲಿ," ಎಂದನು ವೆಂಕಪ್ಪಣ್ಣ. "ಆದ್ರೆ ಬೆಳಿಗ್ಗೆ ಬಂದ್ ಹಿಟ್ಟ್ ರುಬ್ಬಿ ಇಟ್ಟ್ ಹೋಗ್."

"ಆಯ್ತ್ ಧಣಿ."

ಮಾರನೆಯ ದಿನ ಮಂಗಳವಾರ. ವೀರನು ಬೆಳಿಗ್ಗೆ ಐದಕ್ಕೆ ಹೋಟೆಲಿನ ಮೆಟ್ಟಿಲು ಹತ್ತಿದನು. ನಲವತ್ತು ಸೇರು ಅಕ್ಕಿ, ಅದಕ್ಕೆ ತಕ್ಕ ಉದ್ದು. ರುಬ್ಬಿ ಮುಗಿಯುವಾಗ ಹನ್ನೆರಡೂವರೆ.

ಹಿಟ್ಟು ಚೆನ್ನಾಗಿ ಹುಳಿ ಬಂದಿತ್ತೆಂದು ಬುಧವಾರ ಧಣಿಯೇ ಹೇಳಿದನು.